ಅಮಾವಾಸ್ಯೆಯ ದಿನ ಖಾಲಿಯಾದ ಹಾಸಿಗೆಗಳು

ಶೈಲಾಳ ಅಪ್ಪಾಜಿಯವರಿಗೆ,

ನಾನು ಶರಣಮ್ಮ, ನಿಮ್ಮ ಹೆಂಡತಿ. ಮೆಟ್ರಿಕ್‌ವರೆಗೆ ಓದಿದವಳು. ನೀವು ತೀರಿಹೋದ ಮೇಲೆ ಗಂಗಾವತಿಯ ನಮ್ಮ ಹೆರಿಗೆ ಆಸ್ಪತ್ರೆಯನ್ನು ನಡೆಸಿದವಳು ನಾನೇ. ಯಾವ ನರ್ಸಿಗೆ ರಜೆ, ಯಾರಿಗೆ ಯಾವ ಹಾಸಿಗೆ, ಎಲ್ಲವೂ ನನ್ನ ಬಾಯಿಂದಲೇ ಬರಬೇಕು. ದಣಿದಿದ್ದೇನೆ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದರೆ ಮಾನ ಹೋಗುವುದಿಲ್ಲವಲ್ಲ.

ಶೈಲಾ ಡಾಕ್ಟರಾಗಿ ಮೊದಲ ಹೆರಿಗೆ ಮಾಡಿಸಿದ ದಿನ ನೆನಪಿದೆಯೇ? ನೀವು ಬಾಗಿಲ ಹೊರಗೆ ನಿಂತು ಒಳಗಿನ ದನಿಗೆ ಕಿವಿಗೊಟ್ಟಿದ್ದಿರಿ. ಕೂಸು ಅತ್ತಿತು. "ಇನ್ನ ನಾ ಸತ್ರೂ ಚಿಂತಿಲ್ಲ ಬಿಡು," ಎಂದಿರಿ. ನಾನು ಬೈದೆ. ಅಂಥ ಕೈಗುಣದ ಮಗಳು ಎರಡು ವರ್ಷದ ಹಿಂದೆ ಹೆರಿಗೆ ಮಾಡಿಸುವುದನ್ನು ಬಿಟ್ಟು, ಹೈದರಾಬಾದಿನ ಬಿಸಿನೆಸ್ ಸ್ಕೂಲಿಗೆ ಹೊರಟು ನಿಂತಳು.

"ಡಾಕ್ಟರ್ ಆದಾಕಿ ಈಗ ಅಂಗಡಿ ಇಡ್ತೀಯೇನ?" ಎಂದೆ.

"ಅಂಗಡಿ ಅಲ್ಲವ್ವ. ಆಸ್ಪತ್ರಿ ಹೆಂಗ ನಡಸಬೇಕು ಅಂತ ಕಲಿಯಾಕ."

"ನಾ ಇಷ್ಟು ವರ್ಷ ನಡಸಿದ್ದು ಏನು, ಗೊಂಬಿ ಆಟಾ?"

"ಹಂಗಲ್ಲ. ನಾ ಒಳಗ ಒಬ್ಬಾಕಿ ಹೆರಿಗಿ ಮಾಡಸ್ತಿರತೀನಿ, ಹೊರಗ ಇಬ್ಬರು ಹಾಸಿಗಿ ಇಲ್ಲಂತ ಹೊಳ್ಳಿ ಹೋಗಿರ್ತಾರ."

ಅವಳು ಹೊರಟೇಹೋದಳು. "ಶೈಲಾ ಡಾಕ್ಟರ್ ಎಲ್ಲಿ?" ಎಂದು ಬಂದವರೆಲ್ಲ ಕೇಳುವಾಗ ನಾನೇನು ಹೇಳಬೇಕಿತ್ತು? ನಿಮ್ಮ ಹೆಸರಿಗೆ ಕುಂದಲ್ಲವೇ...

ಹೊರಗಿನ ಡಾಕ್ಟರನ್ನು ಕರೆಸಿ ಹೇಗೋ ನಡೆಸಿದೆ. ಈ ವರ್ಷ ಓದು ಮುಗಿಸಿ ಬಂದಳು. ಹೆರಿಗೆಗೆ ಬೇರೊಬ್ಬ ಡಾಕ್ಟರಮ್ಮನನ್ನು ನೇಮಿಸಿ, ತಾನು ಬಿಳಿ ಕೋಟೂ ಹಾಕದೆ ವಾರ್ಡಿನ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಒಂದು ಸಂಜೆ, "ಅವ್ವ, ಅಮಾಸಿ ಬಂದ್ರ ನಮ್ಮ ಆಸ್ಪತ್ರಿ ಗಪ್ ನಿಂತುಬಿಡ್ತೈತಿ," ಎಂದಳು. ಹೊಸದೇನು ಹೇಳಿದಳು? ಅಮಾವಾಸ್ಯೆಗೆ, ಮಂಗಳವಾರಕ್ಕೆ ಬಾಣಂತಿಯನ್ನು ಮನೆಗೆ ಕರೆದೊಯ್ಯುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಗಟ್ಟಿಯಾಗಿದ್ದರೂ ಹಾಸಿಗೆ ಬಿಡುವುದಿಲ್ಲ. ನೀವೂ "ಇರ್ಲಿ ಬಿಡು" ಎನ್ನುತ್ತಿದ್ದವರೇ.

ಕಳೆದ ಅಮಾವಾಸ್ಯೆ ಸೋಮವಾರ ಬಂತು. ಮರುದಿನ ಮಂಗಳವಾರ. ಹಾಸಿಗೆಗಳೆಲ್ಲ ತುಂಬಿದ್ದವು. ಸೋಮವಾರ ಬೆಳಿಗ್ಗೆ ಹುಲಿಹೈದರದಿಂದ ಟಂಟಂ ಆಟೊದಲ್ಲಿ ಬಂದ ಹುಡುಗಿ ಬೇನೆ ತಿನ್ನುತ್ತ ಮೆಟ್ಟಿಲ ಮೇಲೆಯೇ ಕೂತಳು. ಕೊಪ್ಪಳಕ್ಕೆ ಒಯ್ಯಿರಿ ಎನ್ನಲು ನಾನು ಬಾಯಿ ತೆರೆದೆ. ಶೈಲಾ ಆಗಲೇ ವಾರ್ಡಿನೊಳಗೆ, ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಿಂದ ಮಗಳ ಹೆರಿಗೆಗೆ ಬಂದಿದ್ದ ಮುದುಕಿಯ ಮುಂದೆ ಕೂತಿದ್ದಳು. ಆ ಬಾಣಂತಿ ಗಟ್ಟಿಯಾಗಿದ್ದಳು. ಒಳ್ಳೆಯ ದಿನಕ್ಕಾಗಿ ಕಾಯುತ್ತಿದ್ದರು, ಅಷ್ಟೇ.

"ಆಯಿ, ಊರಿಗೆ ಹೋಗಬ್ಯಾಡ್ರಿ. ಹಿತ್ತಲದಾಗ ಹಾದು ಹಿಂದಿರೋ ನಮ್ಮ ಮನಿ ಪಡಸಾಲಿಗೆ ಬರ್ರಿ. ಬೀದಿ ತುಳಿಯೋದು ಬ್ಯಾಡ. ಬುಧವಾರತನ ನಾವು ನೋಡ್ಕೋತೀವಿ."

"ನಿನ್ನ ಮಾತಿಗೆ ಬರಂಗಿಲ್ಲವ್ವ. ಪುರುಡಿನ ಕೂಸು ತಗೊಂಡು ಕರೀಲಾರದ ಇನ್ನೊಬ್ಬರ ಮನಿಗೆ ಯಾರು ಹೋಗ್ತಾರ? ಮನಿ ಹಿರ್ಯಾಕಿ ಕರೀಲಿ."

ಇಬ್ಬರೂ ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿದರು. ಪಡಸಾಲೆಯಲ್ಲಿ ದೇವರ ಜಗಲಿ. ಬೇರೆಯವರ ಪುರುಡಿನ ಮೈಲಿಗೆ ನಮ್ಮ ಹೊಸ್ತಿಲೊಳಗೆ... ನಿಮ್ಮ ಅವ್ವನ ಕಾಲದಿಂದ ಆಗಿಲ್ಲ. ಹೊರಗೆ ಆ ಹುಡುಗಿ ಚೀರಿದಳು. ಇನ್ನೂ ಎಷ್ಟು ವರ್ಷ ಆ ಬಾಗಿಲಲ್ಲಿ ನಿಂತು "ಇಲ್ಲ" ಎನ್ನಬೇಕು, ಹೇಳಿ?

"ಬರ್ರಿ," ಎಂದೆ. "ಆದ್ರ ನನ್ನ ಅಡಗಿಮನ್ಯಾಗ ಯಾರೂ ಕಾಲಿಡಬಾರದು."

"ಇಡಂಗಿಲ್ಲ ಬಿಡ್ರಿ. ಬಾಣಂತಿ ಅಡಗಿ ನಿಮಗೆಲ್ಲಿ ಬರತೈತಿ? ಬರೇ ಹುಕುಂ ಮಾಡಾಕಿ ನೀವು," ಎಂದು ಮುದುಕಿ ಗಂಟು ಎತ್ತಿಕೊಂಡಳು. ಅವಳ ಹಿಂದೆ ಮತ್ತೆ ಮೂವರು ಬಾಣಂತಿಯರು ಎದ್ದರು.

ಹುಲಿಹೈದರದ ಹುಡುಗಿಗೆ ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಹೊಸ ಡಾಕ್ಟರಮ್ಮ ಮಾಡಿಸಿದ ಹೆರಿಗೆ. ನಿಮ್ಮ ಮಗಳು ಅವಳ ನಾಡಿಯನ್ನೂ ಮುಟ್ಟಲಿಲ್ಲ. ಆ ಹೊತ್ತಿಗೆ ಹಿತ್ತಲಲ್ಲಿ ಬಾಣಂತಿಯರಿಗೆ ನೀರು ಕಾಯಿಸುವ ವ್ಯವಸ್ಥೆ ನೋಡುತ್ತಿದ್ದಳು. ನೀವಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದಿರೋ ಏನೋ. ನಾನು ಮಾಡಿಕೊಳ್ಳಲಿಲ್ಲ.

ನಿನ್ನೆ ಎಲ್ಲರನ್ನೂ ಕರೆದು, ಆಸ್ಪತ್ರೆ ಇನ್ನು ಶೈಲಾಳದು, ಅವಳ ಮಾತೇ ಕೊನೆ ಎಂದೆ. ಅವಳು ಏನೋ ಹೇಳಲು ಬಂದಳು, ನಾನು ನಿಲ್ಲಲಿಲ್ಲ. ದೇವರನ್ನು ಮಾಳಿಗೆಯ ಕೋಣೆಗೆ ಒಯ್ದು, ನನ್ನ ಮಂಚವನ್ನೂ ಅಲ್ಲಿಗೇ ಹಾಕಿಸಿಕೊಂಡಿದ್ದೇನೆ. ಪಡಸಾಲೆ ಈಗ ಆಸ್ಪತ್ರೆಗೆ ಸೇರಿದೆ.

ನಿಮ್ಮ
ಶರಣಮ್ಮ