ಹೆಂಚು ತೆಗೆಸಿದವರು

ಜೂನ್ 4, ಸಂಜೆ

ಏಳನೇ ಕ್ಲಾಸಿನ ಗಣಿತ ಅರ್ಧಕ್ಕೇ ಬಿಟ್ಟು ಮತ್ತೆ ಮೀಟಿಂಗ್. ನಮ್ಮ ಶಾಲೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಕೆಡವುವಂತಿಲ್ಲ, ಮೊಳೆ ಹೊಡೆಯುವುದಕ್ಕೂ ಅನುಮತಿ ಬೇಕು. ರಿಪೇರಿಗೂ ಹೊಸ ಕ್ಲಾಸ್‌ರೂಮುಗಳಿಗೂ ಹಳೆ ಕಟ್ಟಡ ಬಲ್ಲ ಆರ್ಕಿಟೆಕ್ಟ್ ಬೇಕು. ಆರಿಸುವವರು ಯಾರು? ಶಾಲಾ ಕಮಿಟಿಯ ಅಧ್ಯಕ್ಷರು, ಅಂದರೆ ಅಕ್ಕನ ಗಂಡ, ನನ್ನ ಭಾವ. ಅವರು ಕೆಮ್ಮಿದರೂ ಹೂಂಗುಟ್ಟುವ ಇಬ್ಬರು ಸದಸ್ಯರು. ಆಮೇಲೆ ಹೆಡ್‌ಮಿಸ್ ಎಂಬ ನಾನು.

ಇವತ್ತು ಬಿಳಿ ಶರ್ಟಿನವನ ಸರದಿ. ಪರದೆಯ ಮೇಲೆ ಚಿತ್ರವೋ ಚಿತ್ರ. ನಮ್ಮ ಚಾವಣಿಯ ಮೇಲೊಂದು ಗಾಜಿನ ಪೆಟ್ಟಿಗೆ ಕೂರಿಸಿದ್ದಾನೆ. ಮೀನು ಸಾಕುವುದಕ್ಕೋ ಏನೋ.

"ಈ ಕಟ್ಟಡ ನನ್ನ ಹತ್ರ ಮಾತಾಡ್ತು ಸಾರ್" ಅಂದ.

ಯಾವಾಗ ಮಾತಾಡಿತೋ! ಕಾರಿನಿಂದ ಇಳಿದು ಸೀದಾ ಏಸಿ ರೂಮಿಗೆ ಬಂದವನು. ಗೋಡೆ ಮುಟ್ಟಲಿಲ್ಲ. ಭಾವ ಚಪ್ಪಾಳೆ ತಟ್ಟಿದರು. ಇಬ್ಬರೂ ತಟ್ಟಿದರು.

ಜೂನ್ 6

ದಪ್ಪ ಕನ್ನಡಕದಾಕೆ ಬಂದಿದ್ದಳು. ಸ್ಲೈಡೂ ಇಲ್ಲ, ಏನೂ ಇಲ್ಲ. "ಮೊದ್ಲು ಅಟ್ಟಕ್ಕೆ ಏಣಿ ಕೊಡ್ಸಿ" ಅಂದಳು. ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟಳು. ಇಳಿದಾಗ ತಲೆತುಂಬ ಜೇಡರ ಬಲೆ, ಭುಜದ ಮೇಲೆ ಪಾರಿವಾಳದ ಹಿಕ್ಕೆ. ಒರೆಸಿಕೊಳ್ಳದೇ ಕೂತಳು.

"ಮರ ಗಟ್ಟಿಯಾಗಿದೆ. ಗೋಡೆಗೆ ಉಸಿರು ಕಟ್ಟಿದೆ ಅಷ್ಟೇ. ಸುಣ್ಣದ ಗೋಡೆಗೆ ಸಿಮೆಂಟ್ ಬಳ್ದುಬಿಟ್ಟಿದ್ದೀರಲ್ಲ, ತೇವ ಹೊರಗೆ ಬರೋದು ಹೇಗೆ? ಅದನ್ನ ಕೆರೆದು ತೆಗೀಬೇಕು. ಹೊಸ ರೂಮು ಬೇಕಾದ್ರೆ ಹಿಂದೆ ಬಯಲಿದೆ, ತಗ್ಗಾಗಿ ಕಟ್ಕೊಳ್ಳಿ."

ಭಾವ ಪೆನ್ನು ತಿರುಗಿಸುತ್ತ ಕೇಳಿದರು: "ಹಿಂದಿನ ಭಾಗ ಅಪಾಯ ಅಂತ ಒಂದು ರಿಪೋರ್ಟ್ ಬರ್ಕೊಡೋಕಾಗುತ್ತಾ?"

"ಅಪಾಯ ಇದ್ರೆ ಬರ್ಕೊಡ್ತೀನಿ."

"ಇಲ್ಲದಿದ್ರೆ?"

"ಇಲ್ಲ ಅಂತ ಬರೀತೀನಿ."

ಆಕೆ ಹೊರಗೆ ಕಾಲಿಡುವಷ್ಟರಲ್ಲಿ ಬಿಳಿ ಶರ್ಟು ಆಯ್ಕೆಯಾಗಿತ್ತು. ಮೂರು ಕೈ ಮೇಲೆ. ನನ್ನದು ಮೇಜಿನ ಮೇಲೆ.

ಜೂನ್ 8, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಅವಳು ಒಳಗೆ ಹೋದ ಗಳಿಗೆಯಲ್ಲಿ ಭಾವ ಬಾಯಿಬಿಟ್ಟರು. ನಾಚಿಕೆಯಿಲ್ಲ, ಮರೆಯಿಲ್ಲ. ಬಿಳಿ ಶರ್ಟು 'ಅಪಾಯ' ಎಂದು ಬರೆದುಕೊಡುತ್ತಾನೆ. ಕಟ್ಟಡ ಪಟ್ಟಿಯಿಂದ ಬೀಳುತ್ತದೆ. ಆಮೇಲೆ ನೆಲಸಮ. ಆ ಜಾಗದಲ್ಲಿ ಫ್ಲ್ಯಾಟು.

"ಶಾಲೆ?"

"ಕೆಳಗಿನ ಎರಡು ಫ್ಲೋರ್ ನಿಂದೇ ಕಣಮ್ಮ. ಲಿಫ್ಟ್ ಇರುತ್ತೆ. ನೀನೇನು ಹೊರಗಿನವಳಾ? ಮನೆಯವಳು."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮೇಯುತ್ತ ನನ್ನನ್ನೂ ಪಂಕ್ತಿಗೆ ಕರೆಯುವುದು ಬೇರೆ.

"ನನ್ನಿಂದಾಗಲ್ಲ ಭಾವ" ಎಂದೆ. ನಕ್ಕರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಅಕ್ಕ ಬಂದು, "ಯಾಕೇ, ರುಚಿಯಾಗಿಲ್ವಾ?" ಎಂದಳು. ಉಪ್ಪಿನಕಾಯಿ ಕೇಳಿದೆ.

ಜುಲೈ 2

ಮಳೆ ಹಿಡಿದಿದೆ. ಎರಡನೇ ಕ್ಲಾಸಿನಲ್ಲಿ ನೀರು — ಸೋರುವುದಲ್ಲ, ಸುರಿಯುವುದು. ಒಂದು ಪುಟ್ಟಿ ಕೊಡೆ ಬಿಚ್ಚಿ ಕೂತು ಮಗ್ಗಿ ಬರೆಯುತ್ತಿದ್ದಳು. ಮಕ್ಕಳಿಗೆಲ್ಲ ನಗು.

ಅಟ್ಟ ಹತ್ತಿದೆ. ಹೆಂಚು ಒಡೆದಿರಲಿಲ್ಲ. ತೆಗೆದಿದ್ದರು! ಒಂದರ ಮೇಲೊಂದು ನೀಟಾಗಿ ಪೇರಿಸಿದ್ದರು. ನೀರು ಹೋಗುವ ದೋಣಿಗೆ ಗೋಣಿಚೀಲ ತುರುಕಿದ್ದರು. ಎಳೆದು ತೆಗೆದೆ. ಕೊಳೆತ ನಾತ. ಇನ್ನೂ ಕೈಯಿಂದ ಹೋಗಿಲ್ಲ. ಅದಕ್ಕಿಂತ ಆ ಪೇರಿಸಿದ ಅಚ್ಚುಕಟ್ಟು... ಥೂ.

ಅಟೆಂಡರ್ ನೆಲ ನೋಡುತ್ತ ಅಂದ: "ಅಧ್ಯಕ್ಷರೇ ಜನ ಕಳ್ಸಿದ್ರು ಮೇಡಂ. ರಜೆ ದಿನ."

ಎರಡನೇ ಕ್ಲಾಸನ್ನು ಕೆಳಗೆ ಲೈಬ್ರರಿಗೆ ಸಾಗಿಸಿದೆ. ಮೇಲಿನ ಕೋಣೆಗೆ ಬೀಗ. ಕನ್ನಡಕದಾಕೆಗೆ ಫೋನ್.

"ನೀವು ನನ್ನನ್ನ ಬೇಡ ಅಂದ್ರಲ್ಲ?"

"ಹೌದು. ಆದ್ರೂ ಬನ್ನಿ."

"ಏಣಿ ಅಲ್ಲೇ ಇರ್ಲಿ" ಎಂದಳು.

ಜುಲೈ 5

ನಿನ್ನೆ ಬಂದಳು, ಎಲ್ಲದರ ಫೋಟೋ ತೆಗೆದಳು. ಇಬ್ಬರೂ ಸಹಿ ಹಾಕಿ ಪಾರಂಪರಿಕ ಕಟ್ಟಡಗಳ ಕಚೇರಿಗೆ ದೂರು ಕೊಟ್ಟು ಬಂದೆವು.

ಬೆಳಿಗ್ಗೆ ನೋಡಿದರೆ ಎರಡನೇ ಕ್ಲಾಸಿನ ಮೇಲಿನ ಸೀಲಿಂಗ್ ಕುಸಿದು ಬೆಂಚುಗಳ ಮೇಲೆ ಬಿದ್ದಿದೆ. ನೋಡುತ್ತ ನಿಂತೆ. ಕೊಡೆಯ ಪುಟ್ಟಿ ಕೂರುತ್ತಿದ್ದ ಬೆಂಚು ಯಾವುದೆಂದು ಹುಡುಕಿದೆ.

ಬಿಳಿ ಶರ್ಟಿನವನು ಹತ್ತಕ್ಕೇ ಹಾಜರ್. ಬೆಂಚುಗಳ ಫೋಟೋ ತೆಗೆದುಕೊಂಡು, "ನೋಡಿ, ನಾನು ಹೇಳಿರ್ಲಿಲ್ವಾ" ಎಂದ. ಮುಖದಲ್ಲಿ ಖುಷಿ. ಮನುಷ್ಯನೊಬ್ಬನ ಬಗ್ಗೆ ಇಷ್ಟು ಹೇಸಿಗೆ ಪಟ್ಟಿರಲಿಲ್ಲ ನಾನು.

ಜುಲೈ 6

ಅಕ್ಕ ಬಂದಳು. ಕೂರಲಿಲ್ಲ.

"ಸ್ವಂತ ಭಾವನ ಮೇಲೆ ಕಂಪ್ಲೇಂಟಾ? ಅವರ ಮಾನ ಬೀದಿಗೆ ತಂದೆಯಲ್ಲೇ."

"ಮಕ್ಕಳು ಕೂರೋ ಜಾಗ ಅಕ್ಕ."

"ಹಳೇ ಕಟ್ಟಡ, ಮಳೆ, ಬಿತ್ತು. ಅದಕ್ಕೆ ಅವರೇನು ಮಾಡ್ತಾರೆ?"

ಫೋನು ಮುಂದೆ ಹಿಡಿದೆ. ಪೇರಿಸಿದ ಹೆಂಚು. ದೋಣಿಯ ಚೀಲ. ಬಹಳ ಹೊತ್ತು ನೋಡಿದಳು.

"ಇದು... ಅವರೇ ತೆಗ್ಸಿದ್ದಾ?"

"ಹೂಂ."

"ಕೆಳಗೆ ಮಕ್ಕಳು ಕೂರ್ತಾರೆ ಅಂತ ಗೊತ್ತಿದ್ದೂ?"

ಮುಂದಿನ ಫೋಟೋಗೆ ಸರಿಸಿದೆ: ಎರಡನೇ ಕ್ಲಾಸಿನ ಬೆಂಚುಗಳು. ಚಪ್ಪಲಿ ಮೆಟ್ಟಿ ಹೋದಳು.

ಆಗಸ್ಟ್ 19

ಆದೇಶ ಬಂತು. ಬಿಳಿ ಶರ್ಟಿನವನ ರಿಪೋರ್ಟ್ ತಿರಸ್ಕೃತ. ಕಟ್ಟಡ ಪಟ್ಟಿಯಲ್ಲೇ ಇರುತ್ತದೆ. ಚಾವಣಿ ಮೊದಲಿದ್ದಂತೆಯೇ ಆಗಬೇಕು, ಕೆಲಸ ಕನ್ನಡಕದಾಕೆಗೆ. ಭಾವನಿಗೆ? 'ಎಚ್ಚರಿಕೆ.' ಅಷ್ಟೇ. ನನಗೆ ಕಮಿಟಿಯ ಸದಸ್ಯತ್ವದಿಂದ ಗೇಟ್‌ಪಾಸ್ — 'ಶಿಸ್ತಿನ ಕಾರಣಕ್ಕೆ.'

ಗೆದ್ದೆವಂತೆ. ಕನ್ನಡಕದಾಕೆ ಫೋನಿನಲ್ಲಿ ನಕ್ಕಳು. ನನಗೂ ಸ್ವಲ್ಪ ನಗು ಬಂತು.

ಸೆಪ್ಟೆಂಬರ್ 14, ಬೆಳಿಗ್ಗೆ

ಪೇಪರ್ ತೆರೆದರೆ ಭಾವ. ತಲೆಗೆ ಹೆಲ್ಮೆಟ್, ಕೈಯಲ್ಲೊಂದು ಹೆಂಚು — ಮಗುವನ್ನು ಹಿಡಿದಂತೆ ಹಿಡಿದಿದ್ದಾರೆ. 'ಪರಂಪರೆಯ ಕಾವಲುಗಾರ.' ಕೆಳಗೆ ಅವರದೇ ಮಾತು: 'ಈ ಕಟ್ಟಡ ನನ್ನ ಉಸಿರು.' ಪಕ್ಕದಲ್ಲಿ ಕನ್ನಡಕದಾಕೆ ಕ್ಯಾಮೆರಾ ಕಡೆ ನೋಡದೆ ಚಾವಣಿ ನೋಡುತ್ತಿದ್ದಾಳೆ. ಪುಣ್ಯಾತ್ಗಿತ್ತಿ.

ಹರಿದು ಹಾಕೋಣವೆಂದರೆ ಹಿಂದಿನ ಪುಟದಲ್ಲಿ ಪದಬಂಧ.

ಬೆಲ್ಲು. ಕಿಟಕಿಯಿಂದ ನೋಡಿದೆ. ಅಕ್ಕ. ಒಬ್ಬಳೇ. ಅದೇ ಪೇಪರನ್ನು ಕಂಕುಳಲ್ಲಿ ಒತ್ತಿಕೊಂಡಿದ್ದಾಳೆ. ಕಾಲ ಬಳಿ ದೊಡ್ಡ ಸೂಟ್‌ಕೇಸು. ಮತ್ತೆ ಬೆಲ್ಲು. "ತೆಗಿಯೇ, ಎಷ್ಟು ಹೊತ್ತು ನಿಲ್ಲಿಸ್ತೀಯಾ" ಅನ್ನುತ್ತಿ—