ನುಂಗಬೇಕಿದ್ದ ಮೊಟ್ಟೆ

ಮನೆ, ಅಡುಗೆಮನೆಯ ಮೇಜು
ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಒಂದು ಮಗುವನ್ನು ಮಲಗಿಸುವಷ್ಟರಲ್ಲಿ ಇನ್ನೊಂದು ಎದ್ದು ಕೂರುತ್ತದೆ ಎಂದು ನೀನು ಹೇಳಿದ್ದೆ. ಅಜ್ಜಿಯಾದೆ ಎಂಬ ಹುಮ್ಮಸ್ಸಿನಲ್ಲಿ ಎರಡನ್ನೂ ಒಟ್ಟಿಗೆ ಎತ್ತಿಕೊಳ್ಳಬೇಡ. ಅವಳಿಗಳನ್ನು ಹೆತ್ತವರು ಅದೇ ಮನೆಯಲ್ಲಿ ಇದ್ದಾರೆ, ಒಂದನ್ನಾದರೂ ಅವರು ಎತ್ತಿಕೊಳ್ಳಲಿ. ಮಗ, ಸೊಸೆ ಆರೋಗ್ಯವಾಗಿದ್ದಾರೆ ಎಂದುಕೊಂಡಿದ್ದೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಮ್ಮನೆಯವರಿಗೆ ಬಸ್ ಡಿಪೋದಲ್ಲಿ ಬೆಳಗಿನ ಪಾಳಿ ಹಾಕಿದ್ದಾರೆ, ಅದಕ್ಕೇ ಸಂಜೆ ಏಳಕ್ಕೆಲ್ಲ ತೂಕಡಿಸುತ್ತಾರೆ. ಮಗಳು ಪರೀಕ್ಷೆ ಮುಗಿಸಿ, ಪುಸ್ತಕಗಳನ್ನು ಮಂಚದ ಕೆಳಗೆ ತಳ್ಳಿ, ಜಗತ್ತಿಗೇ ಬೆನ್ನು ಹಾಕಿ ಮಲಗಿದ್ದಾಳೆ. ಎಲ್ಲರೂ ಚೆನ್ನಾಗಿದ್ದೇವೆ ಎಂದೆನಲ್ಲ, ಅದರಲ್ಲಿ ನನ್ನ ಹೊಟ್ಟೆಯನ್ನು ಸೇರಿಸಿಲ್ಲ.

ಫೋನ್ ಇರುವಾಗ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಎಂದು ಕೇಳುತ್ತೀಯ. ಫೋನಿನಲ್ಲಿ ನೀನು ನನಗೆ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ, ಅದಕ್ಕೆ. ನಾನು "ಅಕ್ಕಾ, ವಿಷಯ ಏನಂದ್ರೆ" ಎನ್ನುವಷ್ಟರಲ್ಲಿ ನೀನು "ಮೊದ್ಲು ನಾನು ಹೇಳೋದು ಕೇಳು" ಎಂದು ಶುರುಮಾಡುತ್ತೀಯ. ಆಮೇಲೆ ಮಗು ಅಳುತ್ತದೆ, ನೀನು ಇಟ್ಟುಬಿಡುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಲೂ ಆಗುವುದಿಲ್ಲ. ಪೂರ್ತಿ ಓದು.

ನೀನು ಆಪರೇಷನ್ ಮಾಡಿಸಿಕೊಂಡು ತೂಕ ಇಳಿದಿದ್ದೀಯ, ಮೊಣಕಾಲು ನೋವು ಹೋಗಿದೆ, ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿದೆ. ನಿಜವಾಗಿಯೂ ಸಂತೋಷ. ಹಸಿರು ಕೋಟು ಹಾಕಿಕೊಂಡ ಫೋಟೋದಲ್ಲಿ ನಿನ್ನನ್ನು ನೋಡಿ ಮಗಳು "ದೊಡ್ಡಮ್ಮ ತಮ್ಮದೇ ತಂಗಿ ಥರ ಇದ್ದಾರೆ, ಆದ್ರೆ ಆ ತಂಗಿ ನೀನಲ್ಲ" ಎಂದಳು. ನನಗೂ ಅದು ಬೇಕು. ಕಾರ್ಖಾನೆಯ ಮೆಟ್ಟಿಲು ಹತ್ತಿ ನಮ್ಮ ಕೋಣೆ ಸೇರುವಷ್ಟರಲ್ಲಿ ಎದೆ ಒಡೆಯುವಂತಾಗುತ್ತದೆ. ಎರಡು ಸಲ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು, ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ನಟಿಸುತ್ತೇನೆ. ಹಾಗಾಗಿ ನಾನು ಹೆದರುಪುಕ್ಕಲಿ, ಮೊಂಡಿ, ತೂಕ ಇಳಿಸುವ ಮನಸ್ಸೇ ಇಲ್ಲದವಳು ಎಂಬ ನಿನ್ನ ಮಾತನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸು. ನನ್ನ ತೊಂದರೆ ಬೇರೆ, ಮತ್ತು ಅದನ್ನು ಹನ್ನೊಂದು ವರ್ಷದಿಂದ ಹೇಳಿ ಹೇಳಿ ಬಾಯಿ ಒಣಗಿದೆ.

ಇನ್ನೊಮ್ಮೆ ಹೇಳುತ್ತೇನೆ. ಆ ವೈರಲ್ ಜ್ವರ ಬಂದು ಹೋದಮೇಲೆ ನನ್ನ ಹೊಟ್ಟೆ ಆಹಾರವನ್ನು ಮುಂದಕ್ಕೆ ತಳ್ಳುವುದನ್ನು ಮರೆತಿದೆ. ಗ್ಯಾಸ್ಟ್ರೋಪರೆಸಿಸ್ ಎನ್ನುತ್ತಾರೆ. ಮಧ್ಯಾಹ್ನ ತಿಂದದ್ದು ಸಂಜೆಗೂ ಅಲ್ಲೇ ಕೂತಿರುತ್ತದೆ, ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಖಾಲಿ ಮಾಡದವರ ಹಾಗೆ. ನಾಲ್ಕು ತುತ್ತಿಗೆ ಹೊಟ್ಟೆ ಬಿರಿಯುತ್ತದೆ, ಐದನೆಯದಕ್ಕೆ ವಾಂತಿ. "ಹಾಗಿದ್ರೆ ಕಡ್ಡಿ ಥರ ಇರ್ಬೇಕಿತ್ತಲ್ಲ?" ಎಂದು ಕೇಳದವರು ಯಾರೂ ಉಳಿದಿಲ್ಲ. ಪಕ್ಕದ ಮನೆಯ ಹೆಂಗಸು ಕೇಳಿದ್ದಾಳೆ, ನಮ್ಮ ಮೇಲ್ವಿಚಾರಕಿ ಕೇಳಿದ್ದಾಳೆ, ನೀನೂ ಕೇಳಿದ್ದೀಯ. ಉತ್ತರ ಸುಲಭ. ತರಕಾರಿ, ಸೊಪ್ಪು, ಕಾಳು, ಹಣ್ಣಿನ ಸಿಪ್ಪೆ, ತೂಕ ಇಳಿಸುವವರು ತಿನ್ನಬೇಕಾದ ಎಲ್ಲವೂ ನನ್ನ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ. ಕೆಳಗೆ ಇಳಿಯುವುದು ಬಿಳಿ ಬ್ರೆಡ್, ಹಿಸುಕಿದ ಆಲೂಗಡ್ಡೆ, ಸಿಹಿ ನೀರು. ಇಳಿಯುವುದನ್ನೇ ತಿಂದು ಬದುಕಿದ್ದೇನೆ, ಅದನ್ನೇ ತಿಂದು ದಪ್ಪಗಾಗಿದ್ದೇನೆ. ನಿನ್ನ ಸರ್ಜನ್ ಹತ್ತಿರ ಇರುವ ಪಥ್ಯದವಳು ಆಪರೇಷನ್‌ಗೆ ಮುಂಚೆ ತಿನ್ನಬೇಕೆಂದು ಹಸಿ ಸೊಪ್ಪು, ಮೊಳಕೆ ಕಾಳು ಬರೆದುಕೊಟ್ಟಳು. ತಿಂದೆ. ಮೂರು ದಿನ ಬಚ್ಚಲುಮನೆಯ ನೆಲದ ಮೇಲೆ ಕಳೆದೆ. ಹೋಗಿ ಹೇಳಿದರೆ "ನೀವು ಸಹಕರಿಸ್ತಿಲ್ಲ" ಎಂದಳು. ಸಹಕರಿಸದೇ ಇರುವುದು ನನ್ನ ಹೊಟ್ಟೆ ಕಣಮ್ಮಾ, ಅದನ್ನೇ ಹೇಳುತ್ತಿದ್ದೇನೆ ಎಂದೆ. ಅವಳು ಮುಂದಿನವರನ್ನು ಕರೆದಳು.

ಈಗ ಡಾಕ್ಟರುಗಳ ವಿಷಯ. ಒಂದೇ ಕಟ್ಟಡದಲ್ಲಿ ಹೊಟ್ಟೆ ಡಾಕ್ಟರಮ್ಮ ಎರಡನೇ ಮಹಡಿ, ನಿನ್ನ ಸರ್ಜನ್ ಐದನೇ ಮಹಡಿ. ಇಬ್ಬರ ನಡುವೆ ಮಾತುಕತೆ ನಡೆಯುವುದು ನನ್ನ ಮೂಲಕ, ಲಿಫ್ಟಿನಲ್ಲಿ. ನಿನಗೆ ಮಾಡಿದ್ದು ಸ್ಲೀವ್, ಹೊಟ್ಟೆಯ ಬಹುಭಾಗ ತೆಗೆದು ಉಳಿದದ್ದನ್ನು ಕೊಳವೆಯ ಹಾಗೆ ಮಾಡುವುದು. ಅದನ್ನೇ ನನಗೂ ಮಾಡುತ್ತೇನೆ ಎನ್ನುತ್ತಾರೆ ಮೇಲಿನವರು. ತಳ್ಳುವ ಶಕ್ತಿಯೇ ಇಲ್ಲದ ಹೊಟ್ಟೆಯನ್ನು ಕಿರಿದು ಮಾಡಿದರೆ ಕೆಲವರಿಗೆ ಹಗುರವಾಗುತ್ತದೆ, ಕೆಲವರಿಗೆ ವಾಂತಿಯೂ ಎದೆಯುರಿಯೂ ಹೆಚ್ಚುತ್ತದೆ, ನಿಮಗೆ ಯಾವುದು ಎಂದು ಹೇಳಲಾರೆ ಎನ್ನುತ್ತಾರೆ ಕೆಳಗಿನವರು. ಬೈಪಾಸ್ ಎಂಬ ಇನ್ನೊಂದಿದೆಯಂತೆ. ಅದರಲ್ಲಿ ಆಹಾರ ಸೋಮಾರಿ ಹೊಟ್ಟೆಯನ್ನು ತಪ್ಪಿಸಿಕೊಂಡು ನೇರ ಕರುಳಿಗೆ ಹೋಗುತ್ತದೆ. ಹಾಗೆ ಮಾಡಿಸಿಕೊಂಡು ಸುಧಾರಿಸಿದವರು ಇದ್ದಾರಂತೆ, ಆದರೆ ಅದಕ್ಕೂ ಗ್ಯಾರಂಟಿ ಇಲ್ಲ, ಹಿಂದಕ್ಕೆ ತಿರುಗಿಸುವುದೂ ಸುಲಭವಲ್ಲ. "ಮೊದಲು ಹೊಟ್ಟೆ ಎಷ್ಟು ನಿಧಾನ ಅಂತ ಅಳೆದು ನೋಡೋಣ, ಆಮೇಲೆ ಮೂವರೂ ಕೂತು ಮಾತಾಡೋಣ" ಎಂದರು ಡಾಕ್ಟರಮ್ಮ. ಆ ಮಾತು ನನಗೆ ಹಿಡಿಸಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ ಅಳೆಯೋಣ ಎಂದಿದ್ದರು.

ಅಳೆಯುವ ರೀತಿ ಹೀಗೆ. ಬೇಯಿಸಿದ ಮೊಟ್ಟೆಯಲ್ಲಿ ಚೂರು ವಿಕಿರಣದ ವಸ್ತು ಬೆರೆಸಿ, ಬ್ರೆಡ್ ಜೊತೆ ಕೊಡುತ್ತಾರೆ. ತಿನ್ನಬೇಕು. ಆಮೇಲೆ ಗಂಟೆಗೊಮ್ಮೆ ಯಂತ್ರದ ಮುಂದೆ ನಿಲ್ಲಿಸಿ, ಎಷ್ಟು ಇನ್ನೂ ಹೊಟ್ಟೆಯಲ್ಲೇ ಇದೆ ಎಂದು ಚಿತ್ರ ತೆಗೆಯುತ್ತಾರೆ. ಅಷ್ಟೇ. ಮಗುವೂ ಮಾಡಬಹುದು. ನಾನು ಕೆಡಿಸಿದೆ.

ನಗಬೇಡ. ನಮ್ಮ ಬಿಸ್ಕತ್ತು ಕಾರ್ಖಾನೆಯ ರುಚಿ ಕೋಣೆಯನ್ನು ನೀನು ನೋಡಿಲ್ಲ. ಬಿಳಿ ಗೋಡೆ, ಬಿಳಿ ಮೇಜು, ಬಿಳಿ ತಟ್ಟೆ. ಯಾವ ವಾಸನೆಯೂ ಇರಕೂಡದು, ಸಾಬೂನಿನದ್ದೂ ಕೂಡ. ಎದುರಿಗೆ ಗಡಿಯಾರ, ಬಲಗಡೆ ಬೆಚ್ಚಗಿನ ನೀರು, ಎಡಗಡೆ ಕಾಗದದ ಲೋಟ. ಕಚ್ಚಬೇಕು, ಅಗಿಯಬೇಕು, ಗರಿಗರಿ ಎಷ್ಟು, ಸಿಹಿ ಎಷ್ಟು, ಬಾಯಲ್ಲಿ ಕೊನೆಗೆ ಉಳಿದದ್ದೇನು ಎಂದು ಮನಸ್ಸಿನಲ್ಲಿ ಹಿಡಿದುಕೊಂಡು ಎಡಗಡೆಯ ಲೋಟಕ್ಕೆ ಉಗಿಯಬೇಕು. ನುಂಗಿದರೆ ಹತ್ತನೇ ಬಿಸ್ಕತ್ತಿನ ಹೊತ್ತಿಗೆ ನಾಲಿಗೆ ಸುಳ್ಳು ಹೇಳಲು ಶುರುಮಾಡುತ್ತದೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ದಿನವಿಡೀ ಬಿಸ್ಕತ್ತು ತಿಂದು ದಪ್ಪಗಾದವಳು ಎಂದು ಊರೆಲ್ಲ ಹೇಳುವ ನಾನು ಅಲ್ಲಿ ಒಂದು ಬಿಸ್ಕತ್ತನ್ನೂ ನುಂಗಿದವಳಲ್ಲ. ಸ್ಕ್ಯಾನ್ ಕೋಣೆಯಲ್ಲಿ ಕೂತರೆ ಏನಿತ್ತು ಹೇಳು? ಬಿಳಿ ಗೋಡೆ, ಬಿಳಿ ತಟ್ಟೆ, ಎದುರಿಗೆ ಗಡಿಯಾರ. ಟೆಕ್ನಿಷಿಯನ್ ಬಲಗಡೆ ನೀರಿಟ್ಟು, ಎಡಗಡೆ ಒಂದು ಖಾಲಿ ಕಾಗದದ ಲೋಟವನ್ನೂ ಇಟ್ಟು, "ನಿಧಾನವಾಗಿ ಅಗಿದು ತಿನ್ನಿ" ಎಂದು ಯಂತ್ರದ ಕಡೆ ತಿರುಗಿದ. ನಾನು ಒಂದು ತುಣುಕು ಬಾಯಿಗಿಟ್ಟೆ. ಉಪ್ಪಿಲ್ಲ, ಅಂಚು ಒಣಗಿದೆ, ಎಣ್ಣೆ ಹಳೆಯದು. ಉಗಿದೆ. ನೀರು ಮುಕ್ಕಳಿಸಿದೆ. ಇನ್ನೊಂದು ತುಣುಕು. ಅವನು ತಿರುಗಿ ನೋಡುವ ಹೊತ್ತಿಗೆ ಸುಮಾರು ಅರ್ಧ ಮೊಟ್ಟೆ ಲೋಟ ಸೇರಿತ್ತು.

"ಅಯ್ಯೋ, ಉಗೀಬೇಡಿ! ನುಂಗೀ ಅಮ್ಮಾ, ನುಂಗೀ!" ಎಂದು ಕೂಗಿದ. ನನಗಿಂತ ಹಿರಿಯ, ತಲೆ ಪೂರ್ತಿ ಬೋಳು, ಆ ಬೋಳು ತಲೆಯೂ ಕೆಂಪಗಾಯಿತು. ಕೈಗವಸು ಹಾಕಿಕೊಂಡು ಆ ಲೋಟವನ್ನು ಹಾವನ್ನು ಹಿಡಿದ ಹಾಗೆ ದೂರ ಹಿಡಿದು, ಭಾರದ ಮುಚ್ಚಳದ ಡಬ್ಬಿಗೆ ಹಾಕಿದ. ಬೇರೆ ಮೊಟ್ಟೆ ಕೊಡಿ ಎಂದೆ. ಬೆಳಿಗ್ಗೆ ತಯಾರಿಸಿದ್ದು ಅಷ್ಟೇ, ಇನ್ನು ನನ್ನ ಸರದಿ ಬರುವುದು ಯಾವಾಗಲೋ ಎಂದ. "ಉಳಿದದ್ದು ತಿನ್ನಿ, ಸಾಕಾಗುತ್ತೆ" ಎಂದ. ತಿಂದೆ. ಹೀಗಾಯಿತೆಂದು ಬರೆಯಿರಿ ಎಂದೆ, ಆಗಲಿ ಎಂದ. ಬರೆಯಲಿಲ್ಲ. ರಿಪೋರ್ಟಿನಲ್ಲಿ ಒಂದೇ ಮಾತು ಬಂತು: ನಾರ್ಮಲ್.

ಆ ಒಂದು ಮಾತು ಐದನೇ ಮಹಡಿಯಲ್ಲಿ ಏನು ಮಾಡಿತು ಗೊತ್ತೇ? ನಿನ್ನ ಸರ್ಜನ್ ಕೈ ಉಜ್ಜಿಕೊಂಡು "ನೋಡಿ, ನಿಮ್ಮ ಹೊಟ್ಟೆಗೆ ಏನೂ ಆಗಿಲ್ಲ. ಬರೀ ತಿನ್ನೋ ಅಭ್ಯಾಸ" ಎಂದರು. ನಾನು ಮೊಟ್ಟೆಯ ಕತೆ ಹೇಳಿದೆ. ಮನುಷ್ಯ ನಕ್ಕರು. "ಬಿಸ್ಕತ್ತಿನ ಚಪಲ ಆಸ್ಪತ್ರೆಗೂ ಬಂತಾ?" ಎಂದರು. ಪಕ್ಕದಲ್ಲಿದ್ದ ನರ್ಸೂ ನಕ್ಕಳು. ನಾನೂ ನಕ್ಕೆ ಅಕ್ಕಾ, ಅದೇ ಮನೆಗೆ ಬಂದಮೇಲೂ ಸುಡುತ್ತಿರುವುದು. ಆಮೇಲೆ ಅವರು, "ನಿಮ್ಮ ಅಕ್ಕ ಹೇಳಿದ್ದಕ್ಕೇ ಬಿಡುವು ಮಾಡಿದ್ದೇನೆ" ಎಂದು, ಇದೇ ತಿಂಗಳ ಇಪ್ಪತ್ತೆರಡಕ್ಕೆ ಸ್ಲೀವ್‌ಗೆ ದಿನ ಕೊಟ್ಟರು. ಎರಡನೇ ಮಹಡಿಗೆ ಇಳಿದೆ. ಡಾಕ್ಟರಮ್ಮ ನಗಲಿಲ್ಲ. ಅರ್ಧ ಊಟ ಪೂರ್ತಿ ಊಟಕ್ಕಿಂತ ಬೇಗ ಖಾಲಿಯಾಗುತ್ತದೆ, ಈ ಪರೀಕ್ಷೆಯನ್ನು ನಂಬಲಾಗದು, ಮತ್ತೆ ಮಾಡಬೇಕು ಎಂದರು. ಹಾಗಾದರೆ ಮೇಲಿನವರಿಗೆ ಒಂದು ಮಾತು ಹೇಳಿ ಎಂದರೆ, "ನೀವೇ ಹೇಳಿಬಿಡಿ" ಎಂದರು. ಮತ್ತೆ ಲಿಫ್ಟ್. ಮೇಲೆ ಬಾಗಿಲು ಹಾಕಿತ್ತು.

ನಿನಗೆ ಫೋನ್ ಮಾಡಿದೆ. ನೀನು "ಕಣ್ಮುಚ್ಚಿ ಮಾಡಿಸ್ಕೊಂಡುಬಿಡೇ, ನಂಗೇನಾಯ್ತು?" ಎಂದುಬಿಟ್ಟೆ. ನಿನಗೆ ಏನೂ ಆಗಲಿಲ್ಲ, ನಿಜ. ನಿನ್ನದು ಕೆಲಸ ಮಾಡುವ ಹೊಟ್ಟೆ, ಅದನ್ನು ಸಣ್ಣದು ಮಾಡಿದರು. ನನ್ನದು ಕೆಲಸವನ್ನೇ ಮಾಡದ ಹೊಟ್ಟೆ. ಅದನ್ನು ಸಣ್ಣದು ಮಾಡಿದರೆ ಸಣ್ಣ ಸೋಮಾರಿಯಾಗುತ್ತದೆಯೇ, ಕೆಲಸ ಕಲಿಯುತ್ತದೆಯೇ ಎಂದು ಯಾರಿಗೂ ಗೊತ್ತಿಲ್ಲ. ಕತ್ತರಿಸಿ ತೆಗೆದದ್ದನ್ನು ಮರಳಿ ಹೊಲಿಯಲಾಗದು. ನಮ್ಮನೆಯವರನ್ನು ಕೇಳಿದರೆ "ನಿನಗೆ ಸರಿ ಅನಿಸಿದ್ದು ಮಾಡು" ಎನ್ನುತ್ತಾರೆ. ಕೇಳಲು ಒಳ್ಳೆಯ ಮಾತು. ಆದರೆ ಅದು ನಿದ್ದೆ ಬಂದವರು ಆಡುವ ಮಾತು. ಮಗಳು ಮಾತ್ರ ನೆಟ್ಟಗೆ ಕೇಳಿದಳು: "ಅಮ್ಮಾ, ನಿಂಗೆ ಸಣ್ಣ ಆಗ್ಬೇಕಾ, ಊಟ ಮಾಡೋ ಥರ ಆಗ್ಬೇಕಾ?" ಎರಡೂ ಬೇಕು ಎಂದೆ. ಮೊದಲು ಯಾವುದು ಎಂದಳು. ಊಟ, ಎಂದೆ. ಇಷ್ಟು ಚಿಕ್ಕ ಪ್ರಶ್ನೆಯನ್ನು ಎರಡನೇ ಮಹಡಿಯಲ್ಲೂ ಕೇಳಿರಲಿಲ್ಲ, ಐದನೇ ಮಹಡಿಯಲ್ಲೂ ಕೇಳಿರಲಿಲ್ಲ. ಬೇಸರ ಮಾಡಿಕೊಳ್ಳಬೇಡ, ನೀನೂ ಕೇಳಿರಲಿಲ್ಲ.

ಇಷ್ಟೆಲ್ಲ ಬರೆದದ್ದು ನಿನ್ನ ಮೇಲಿನ ಕೋಪಕ್ಕಲ್ಲ. ಸ್ವಲ್ಪ ಕೋಪವೂ ಇದೆ, ಇಲ್ಲ ಎಂದರೆ ನೀನು ನಂಬುವುದಿಲ್ಲ. ನನಗಾಗಿ ಸರ್ಜನ್ ಬಾಗಿಲಲ್ಲಿ ಕಾದು ಕೂತವಳು ನೀನೇ ಎಂಬುದನ್ನೂ ಮರೆತಿಲ್ಲ. ಅದಕ್ಕೇ ಮುಂದಿನದನ್ನು ಬರೆಯಲು ಕೈ ಹಿಂದೆ ಮುಂದೆ ನೋಡುತ್ತಿದೆ. ಅವಳಿಗಳ ಕೆನ್ನೆಗೆ ನನ್ನ ಮುತ್ತು. ನಿನ್ನ ಮಗನಿಗೂ ಸೊಸೆಗೂ ಆಶೀರ್ವಾದ ತಿಳಿಸು, ಒಂದು ಮಗುವನ್ನು ಅವರ ಕೈಗೆ ಕೊಟ್ಟ ಮೇಲೆ ತಿಳಿಸು. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊ.

ಇಂತಿ,
ನೀನು ಎಷ್ಟೇ ಬೈದರೂ ನಿನ್ನದೇ ಆದ
ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಹೇಳಿಬಿಡುತ್ತೇನೆ. ಇಪ್ಪತ್ತೆರಡರ ದಿನವನ್ನು ಶುಕ್ರವಾರವೇ ಬಿಟ್ಟುಕೊಟ್ಟೆ. ಆಸ್ಪತ್ರೆಯಲ್ಲಿ ಫೋನ್ ಎತ್ತಿದವಳು "ಖಂಡಿತಾನಾ? ಮತ್ತೆ ಸರದಿ ಕೊನೆಗೆ ಹೋಗ್ತೀರಿ" ಎಂದಳು, ಖಂಡಿತ ಎಂದೆ. ನನ್ನ ಪರವಾಗಿ ಸರ್ಜನ್‌ಗೆ ಫೋನ್ ಮಾಡಿ ಸರಿಪಡಿಸಲು ಹೋಗಬೇಡ. ಆಪರೇಷನ್ ಬೇಡವೇ ಬೇಡ ಎಂದಿಲ್ಲ. ಈ ರಿಪೋರ್ಟಿನ ಮೇಲೆ ಬೇಡ ಎಂದಿದ್ದೇನೆ. ಮರುಪರೀಕ್ಷೆ ಮುಂದಿನ ತಿಂಗಳು ಒಂಬತ್ತಕ್ಕೆ. ಮೊಟ್ಟೆಯನ್ನು ಈ ಸಲ ಪೂರ್ತಿ ನುಂಗುತ್ತೇನೆ, ಅದರ ಭಯವಿಲ್ಲ. ಭಯ ಬೇರೆ, ಅದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಎಲ್ಲ ನುಂಗಿದ ಮೇಲೂ ನಾರ್ಮಲ್ ಎಂದೇ ಬಂದರೆ? ಆಗ ಹನ್ನೊಂದು ವರ್ಷ ಏನು ಮಾಡುತ್ತಿದ್ದೆ ಎಂದು ಎಲ್ಲರೂ ಕೇಳುತ್ತಾರೆ. ಅವತ್ತು ನೀನೊಬ್ಬಳು ಕೇಳದೆ ನನ್ನ ಪಕ್ಕದಲ್ಲಿ ಕೂತಿರಬೇಕು. ಎಂಟನೇ ತಾರೀಖಿನ ಬಸ್ಸಿಗೆ ಹೊರಟು ಬಾ.