ನನ್ನ ಲ್ಯಾಪ್‌ಟಾಪ್, ಇವರ ಹೆಸರು

8 ನವೆಂಬರ್ 2025, ಶನಿವಾರ

ಡೈರಿಯನ್ನು ಬ್ರೈಲ್‌ನಲ್ಲೇ ಚುಚ್ಚಿ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಇನ್ನೂ ಇವರ ಕೈಯಲ್ಲಿ. ಹಳೆ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಇಲ್ಲವಂತೆ. ಹೊಸತು ನನ್ನ ಮುದಿ ಲ್ಯಾಪ್‌ಟಾಪಿಗೆ ಆಗುವುದಿಲ್ಲವಂತೆ. ಸುಳ್ಯದ ಕಂಪ್ಯೂಟರ್ ಅಂಗಡಿಯ ಶಿಹಾಬ್ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ಕೊಟ್ಟ, ಇವರು ಅದನ್ನು ಹಾಕುತ್ತಿದ್ದಾರೆ. ಪರದೆ ಓದಿ ಹೇಳುತ್ತಿದ್ದ ಸಾಫ್ಟ್‌ವೇರ್ ವಿಂಡೋಸ್ ಜೊತೆಗೇ ಹೋಯಿತು. ಅದಿಲ್ಲದೆ ಕಣ್ಣು ಕಾಣದ ನನಗೆ ಲ್ಯಾಪ್‌ಟಾಪ್ ಬರೀ ಮಣೆ.

“ಎಂತ ಕೇಳ್ತಾ ಉಂಟು?”

“ಎಂತೆಂತದೋ. ನಾನು ನೆಕ್ಸ್ಟ್ ಕೊಡ್ತಾ ಹೋಗುದು.”

“ಓದಿ ಹೇಳಿ ಮಾರಾಯ್ರೆ.”

“ನಿಂಗೆ ಯಾಕೆ ತಲೆಬಿಸಿ? ಆಯ್ತು ಈಗ.”

ಆಯಿತು. ಹೊಸ ದನಿ ಓದುತ್ತದೆ. ಕೀಗಳೆಲ್ಲ ಬೇರೆ. ಒಂದು ಒತ್ತಿದರೆ ಇನ್ನೊಂದು...

10 ನವೆಂಬರ್, ಬೆಳಗ್ಗೆ

ಆನ್ ಮಾಡಿದೆ. “ಕೀರ್ತನ್. ಪಾಸ್‌ವರ್ಡ್” ಎಂದಿತು.

ಗಂಡನ ಹೆಸರು! ನಿನ್ನೆ ಇವರೇ ತೆರೆದು ಕೊಟ್ಟಿದ್ದರು. ಇವತ್ತು ಸಂಪಾಜೆಯಲ್ಲಿ ಡ್ಯೂಟಿ, ಫೋನ್ ಸಿಗುವುದಿಲ್ಲ. ನಾನು ಕಲಿಸುವ ಎಂಟನೇ ಕ್ಲಾಸಿನ ಪ್ರಶ್ನೆಪತ್ರಿಕೆ ಇವತ್ತೇ ಕೊಡಬೇಕು. ಏನು ಮಾಡಲಿ?

ಅದೇ ದಿನ, ಸಂಜೆ

ಸ್ಟಾಫ್‌ರೂಮಿನಲ್ಲಿ ಸುರಕ್ಷಾ ಟೀಚರ್ ಟೈಪ್ ಮಾಡಿಕೊಟ್ಟಳು. ಬಾಗಿಲಲ್ಲಿ ಮಕ್ಕಳಿದ್ದರು, ಪ್ರಶ್ನೆಗಳನ್ನು ಪಿಸುಗುಟ್ಟಿ ಹೇಳಬೇಕಾಯಿತು. “ಇನ್ನು ಮುಂದೆ ನಾನೇ ಮಾಡಿ ಕೊಡ್ತೇನೆ ಮೇಡಂ, ಪಾಪ ನಿಮಗೆ ಯಾಕೆ ಕಷ್ಟ” ಎಂದಳು. ಒಳ್ಳೆಯವಳೇ. ಆದರೂ ಆ ‘ಪಾಪ’... ನನ್ನ ಪ್ರಶ್ನೆಪತ್ರಿಕೆ ಇವತ್ತಿನವರೆಗೆ ಬೇರೆಯವರ ಕೈಗೆ ಹೋದದ್ದಿಲ್ಲ. ಅಳು ಬಂತು.

ಇವರು ಬಂದ ಕೂಡಲೇ ಕೇಳಿದೆ.

“ಹೆಸರು ಕೇಳಿತು, ಹಾಕಿದೆ. ಪಾಸ್‌ವರ್ಡ್ ನಿನ್ನ ಬರ್ತ್‌ಡೇ ಅಲ್ವಾ! ಹೆಸರಲ್ಲಿ ಎಂತ ಉಂಟು?”

ನನ್ನ ಬರ್ತ್‌ಡೇ. ಸಿಟ್ಟು ಮಾಡುವುದಾ, ಖುಷಿಪಡುವುದಾ? ಎರಡೂ ಒಟ್ಟಿಗೆ ಬರುತ್ತವೆ ಎಂದು ಗೊತ್ತಿರಲಿಲ್ಲ.

16 ನವೆಂಬರ್, ಭಾನುವಾರ

ಶಿಹಾಬ್‌ಗೆ ಫೋನ್ ಮಾಡಿದೆ. ಹೆಸರು ಬದಲಿಸುವುದು ರಗಳೆ, ಲಿನಕ್ಸನ್ನೇ ಹೊಸತಾಗಿ ಹಾಕುವುದು ಸುಲಭವಂತೆ. ಹಾಕುವಾಗಲೂ ಅದು ಓದಿ ಹೇಳುತ್ತದಂತೆ — ಆಲ್ಟ್, ವಿಂಡೋಸ್ ಕೀ, ಎಸ್, ಮೂರೂ ಒಟ್ಟಿಗೆ ಒತ್ತಿದರೆ.

“ಮೊದಲೇ ಹೇಳ್ಬಾರ್ದಿತ್ತಾ?”

“ನೀವೇ ಹಾಕ್ತೀರಿ ಅಂತ ಯಾರೂ ಹೇಳ್ಲಿಲ್ಲ ಮೇಡಂ.”

ಅವನ ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿ ಒತ್ತಿದೆ. ಮಾತಾಡಿತು! ಭಾಷೆ, ಕೀಬೋರ್ಡ್, ಡಿಸ್ಕ್... ಇದ್ದದ್ದನ್ನೆಲ್ಲ ಅಳಿಸಲಾ ಎಂದು ಕೇಳಿದ್ದನ್ನು ಎರಡು ಸಲ ಓದಿಸಿಕೊಂಡೆ. ಫೈಲುಗಳೆಲ್ಲ ಇನ್ನೊಂದು ಪೆನ್‌ಡ್ರೈವಿನಲ್ಲಿವೆ. ಆದರೂ. ಹೌದು ಎಂದೆ.

ಇವರು ಬಂದು ಹಿಂದೆ ನಿಂತರು. “ನಾನು ನೋಡ್ಲಾ?”

“ಬೇಡ.”

ಹೆಸರು ಕೇಳಿತು. ಮೋಕ್ಷಿತಾ ಎಂದು ಕೊಟ್ಟೆ. ಪಾಸ್‌ವರ್ಡನ್ನೂ ಕೊಟ್ಟೆ.

“ಎಂತ ಇಟ್ಟದ್ದು?”

ಹೇಳಲಿಲ್ಲ. ಇವರೂ ಮತ್ತೆ ಕೇಳಲಿಲ್ಲ, ಒಳಗೆ ಹೋದರು. ಹೇಳಬೇಕಿತ್ತೋ ಏನೋ. ಮುಚ್ಚಿಡುವಂಥದ್ದೇನೂ ನನ್ನ ಹತ್ತಿರ ಇಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಸಿಟ್ಟಿಗೋ, ಚಾ ಮಾಡಲಿಕ್ಕೋ —